ಜನಗಣತಿಯಲ್ಲಿ ಸಿಗದ ಪೂರ್ವಜರನ್ನು ಹುಡುಕುತ್ತಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬ್ರಿಟನ್, ಅಮೆರಿಕದ ಹಳೆಯ ಗಣತಿ ಹಾಳೆಗಳಲ್ಲಿ ಹೆಸರು ಕಾಣಲಿಲ್ಲವೆಂದು ಆ ವ್ಯಕ್ತಿ ಅಲ್ಲಿರಲೇ ಇಲ್ಲ ಎಂದುಕೊಳ್ಳಬೇಡಿ. ಎಷ್ಟೋ ಸಲ ಹಾಳೆಗಳನ್ನು ಓದಿ ಮಾಡಿದ ಹೆಸರುಗಳ ಸೂಚಿಯಲ್ಲೇ ತಪ್ಪಿರುತ್ತದೆ: ಕೈಬರಹದ 'ಎಸ್' ಅಲ್ಲಿ 'ಎಲ್' ಆಗಿರುತ್ತದೆ, 'ಟಿ' 'ಎಫ್' ಆಗಿರುತ್ತದೆ. ಮನೆತನದ ಹೆಸರು ಬಿಟ್ಟು, ಮೊದಲ ಹೆಸರು, ಹುಟ್ಟೂರು, ಹುಟ್ಟಿದ ವರ್ಷ (ಹಿಂದೆ ಮುಂದೆ 5 ವರ್ಷ) ಇಷ್ಟನ್ನೇ ಹಾಕಿ ಹುಡುಕಿ. ಆಗಲೂ ಸಿಗದಿದ್ದರೆ ಅಪರೂಪದ ಹೆಸರಿನ ತಮ್ಮನನ್ನೋ ತಂಗಿಯನ್ನೋ ಹುಡುಕಿ. ಮನೆ ಸಿಕ್ಕರೆ ಮನೆಮಂದಿಯೂ ಸಿಗುತ್ತಾರೆ.

ವಯಸ್ಸನ್ನಂತೂ ಪೂರ್ತಿ ನಂಬಬೇಡಿ. ಇಂಗ್ಲೆಂಡಿನ 1841ರ ಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ 5ರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. 39ರವರು 35 ಆಗಿರುತ್ತಾರೆ. ಅಮೆರಿಕದ 1890ರ ಹಾಳೆಗಳು 1921ರ ಬೆಂಕಿಯಿಂದಾಗಿ ಬಹುತೇಕ ಉಳಿದಿಲ್ಲ. 1880ರ ಗಣತಿಯಿಂದ 1900ರ ಗಣತಿಯವರೆಗಿನ ಆ ಅಂತರಕ್ಕೆ ಹಳೆಯ ಪತ್ರಿಕೆಗಳೇ ದೊಡ್ಡ ಆಸರೆ.

ಪತ್ರಿಕೆಗಳಲ್ಲಿ ಮದುವೆಯಾದ ಹೆಂಗಸರು ಹೆಚ್ಚಾಗಿ ಗಂಡನ ಹೆಸರಿನಲ್ಲೇ, 'ಮಿಸೆಸ್ ಜಾನ್ ಸ್ಮಿತ್' ಎಂಬಂತೆ ಕಾಣಿಸುತ್ತಾರೆ. ಮಸುಕಾದ ಅಚ್ಚನ್ನು ಯಂತ್ರ ತಪ್ಪಾಗಿ ಓದುವುದರಿಂದ ಹೆಸರಿನ ಬದಲು ಬೀದಿ, ಕಸುಬು ಹಾಕಿಯೂ ನೋಡಿ. ಹಳೆಯ ಪತ್ರಿಕೆಗಳನ್ನು ಹುಡುಕಿ ಓದಬಹುದಾದ ಜಾಲತಾಣಗಳಾದ ಆಸ್ಟ್ರೇಲಿಯಾದ 'ಟ್ರೋವ್', ಅಮೆರಿಕದ 'ಕ್ರಾನಿಕ್ಲಿಂಗ್ ಅಮೆರಿಕ' ಎರಡೂ ಉಚಿತ. ಸಿಕ್ಕ ಪತ್ರಿಕೆಯ ತುಣುಕನ್ನು ನಮ್ಮ ಈ ಗುಂಪಿಗೆ ಹಾಕುವಾಗ ಪತ್ರಿಕೆ, ದಿನಾಂಕ, ಪುಟ, ಅಂಕಣ ದಯವಿಟ್ಟು ಬರೆಯಿರಿ.