ಸಿರಿಗೆ ದೊಡ್ಡಮ್ಮನ ಪತ್ರ: ಮಾವೋ ಅಸಾದಾ ತನ್ನ ಜಂಪ್‌ಗಳನ್ನು ಬಿಚ್ಚಿ ಕಟ್ಟಿದ ನಾಲ್ಕು ವರ್ಷ

ಚಿ. ಸಿರಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹೊಸ ಫಿಗರ್ ಸ್ಕೇಟಿಂಗ್ ಕೋಚ್ ನಿನ್ನ ಲಟ್ಸ್ ಮತ್ತು ಡಬಲ್ ಆಕ್ಸೆಲ್ ಜಂಪ್‌ಗಳೆರಡನ್ನೂ ಮೊದಲಿನಿಂದ ಕಲಿಸುತ್ತೇನೆ ಅಂದಿದ್ದಾರಂತೆ. ಅವತ್ತಿನಿಂದ ನಿನಗೆ ಊಟ ಸೇರುತ್ತಿಲ್ಲ, ಹಳೆಯ ಕೋಚ್ ಹತ್ತಿರವೇ ವಾಪಸ್ ಹೋಗುತ್ತೇನೆ ಅಂತ ಹಟ ಹಿಡಿದು ಕೂತಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ತೀರ್ಮಾನ ಮಾಡುವ ಮುಂಚೆ ಇದನ್ನೊಮ್ಮೆ ಪೂರ್ತಿ ಓದು. ನಿನಗೆ ಜಪಾನಿನ ಸ್ಕೇಟರ್ ಮಾವೋ ಅಸಾದಾ ಅಂದರೆ ಪ್ರಾಣ. ಅವಳ ಪದಕಗಳ ಪಟ್ಟಿ ನಿನಗೆ ಬಾಯಿಪಾಠ ಅಂತಲೂ ಗೊತ್ತು. ಆದರೆ ನಿನಗೆ ಈಗ ಬೇಕಾಗಿರುವುದು ಅವಳು ವಿಶ್ವ ಚಾಂಪಿಯನ್‌ಶಿಪ್ ಪದಕವಿಲ್ಲದೆ ಕಳೆದ ಸೀಸನ್‌ಗಳು.

ಮೊದಲ ಭಾಗವನ್ನು ಬೇಗ ಮುಗಿಸುತ್ತೇನೆ. 1990ರಲ್ಲಿ ನಗೋಯಾದಲ್ಲಿ ಹುಟ್ಟಿದ ಹುಡುಗಿ. ಅವಳಿಗೆ ಕಲಿಸಿದ ಮಾಚಿಕೊ ಯಮಾದಾ ಅವರೇ, ಸ್ಪರ್ಧೆಯಲ್ಲಿ ಮೂರೂವರೆ ಸುತ್ತಿನ ಟ್ರಿಪಲ್ ಆಕ್ಸೆಲ್ ಇಳಿಸಿದ ಮೊದಲ ಮಹಿಳೆ ಮಿದೊರಿ ಇತೊಗೂ ಗುರು. 2005ರ ಡಿಸೆಂಬರಿನಲ್ಲಿ ಟೋಕಿಯೊದಲ್ಲಿ ಹದಿನೈದರ ಮಾವೋ ಆ ಸೀಸನ್ನಿನ ಗ್ರಾಂಡ್ ಪ್ರಿ ಸರಣಿಯ ಫೈನಲ್ ಗೆದ್ದಳು. ಎರಡು ತಿಂಗಳ ನಂತರದ ಟ್ಯೂರಿನ್ ಒಲಿಂಪಿಕ್ಸ್‌ಗೆ ಮಾತ್ರ ಪ್ರವೇಶ ಸಿಗಲಿಲ್ಲ, ವಯಸ್ಸಿನ ನಿಯಮಕ್ಕೆ 87 ದಿನ ಕಡಿಮೆ ಬಿತ್ತು. 2008ರ ಗೋಟೆನ್‌ಬರ್ಗ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಟ್ರಿಪಲ್ ಆಕ್ಸೆಲ್‌ಗೆ ಕಾಲೂರುವಾಗಲೇ ಜಾರಿ, ಹಾರುವ ಮೊದಲೇ ಬಿದ್ದಳು. ಎದ್ದು ಉಳಿದ ಪ್ರೋಗ್ರಾಂ ಮುಗಿಸಿ, ಒಂದು ಅಂಕಕ್ಕಿಂತ ಕಡಿಮೆ ಅಂತರದಲ್ಲಿ ವಿಶ್ವ ಚಾಂಪಿಯನ್ ಆದಳು. ಆ ವಿಡಿಯೊ ನೀನು ನೂರು ಸಲ ನೋಡಿರುತ್ತೀ. ಮುಂದಿನ ಸಲ ನೋಡುವಾಗ ಬಿದ್ದ ನಂತರದ ಜಂಪ್‌ಗಳಿಗೆ ಅವಳು ಎಷ್ಟು ವೇಗ ತಂದುಕೊಂಡಳು ಅನ್ನುವುದನ್ನು ಗಮನಿಸು. ಬಿದ್ದವರು ಸಾಮಾನ್ಯವಾಗಿ ಕಳೆದುಕೊಳ್ಳುವುದು ಅದನ್ನೇ.

ಇಷ್ಟೆಲ್ಲ ಗೆಲ್ಲುತ್ತಿದ್ದಾಗಲೂ ಎರಡು ದೋಷ ಜೊತೆಗೇ ಇದ್ದವು. ಒಂದು, ಲಟ್ಸ್‌ಗೆ ಹಾರುವಾಗಿನ ಬ್ಲೇಡ್ ಅಂಚು. ಎಡಗಾಲಿನ ಹಿಂದಿನ ಹೊರ ಅಂಚಿನಲ್ಲಿ ಬಂದು, ಟೋ ಪಿಕ್, ಅಂದರೆ ಬ್ಲೇಡಿನ ಮುಂತುದಿಯ ಹಲ್ಲು, ಊರುವ ಕ್ಷಣದಲ್ಲಿ ಪಾದ ಒಳ ಅಂಚಿಗೆ ವಾಲುತ್ತಿತ್ತು. ಹಾಗಾದರೆ ಹಾರಿದ್ದು ಲಟ್ಸ್ ಅಲ್ಲ, ಒಳ ಅಂಚಿನಿಂದ ಹಾರುವ ಫ್ಲಿಪ್. ತೀರ್ಪುಗಾರರು ಅಂಚನ್ನು ಕಟ್ಟುನಿಟ್ಟಾಗಿ ಗುರುತಿಸಲು ಶುರು ಮಾಡಿದ ಮೇಲೆ ಆ ಜಂಪ್ ಅವಳಿಗೆ ಹೊರೆಯಾಯಿತು. ಇನ್ನೊಂದು, ಟ್ರಿಪಲ್ ಆಕ್ಸೆಲ್ ಕೆಲವೊಮ್ಮೆ ಪೂರ್ತಿ ಸುತ್ತದೆ ನೆಲ ಮುಟ್ಟುತ್ತಿದ್ದದ್ದು. ಆಗಿನ ನಿಯಮ ಬಹಳ ಕಠೋರ. ಕಾಲು ಸುತ್ತಿಗಿಂತ ಹೆಚ್ಚು ಕೊರತೆಯಾದರೆ 8.2 ಅಂಕದ ಟ್ರಿಪಲ್ ಆಕ್ಸೆಲ್‌ಗೆ 3.5ರ ಡಬಲ್ ಆಕ್ಸೆಲ್ ಬೆಲೆಯಷ್ಟೇ ಸಿಗುತ್ತಿತ್ತು, ಅದರ ಮೇಲೆ ಗುಣಮಟ್ಟದ ಅಂಕವೂ ಕಡಿತ. 2009ರ ಶರತ್ಕಾಲದ ಗ್ರಾಂಡ್ ಪ್ರಿ ಸ್ಪರ್ಧೆಗಳಲ್ಲಿ ಅವಳು ಪ್ಯಾರಿಸ್‌ನಲ್ಲಿ ಎರಡನೆಯವಳು, ಮಾಸ್ಕೋದಲ್ಲಿ ಐದನೆಯವಳು. ಟೋಕಿಯೊದಲ್ಲೇ ನಡೆದ ಗ್ರಾಂಡ್ ಪ್ರಿ ಫೈನಲ್‌ಗೆ ಅರ್ಹತೆಯೇ ಸಿಗಲಿಲ್ಲ.

ಆಮೇಲೆ 2010ರ ವ್ಯಾಂಕೂವರ್ ಒಲಿಂಪಿಕ್ಸ್. ಚಿಕ್ಕದಾದ ಶಾರ್ಟ್ ಪ್ರೋಗ್ರಾಂನಲ್ಲಿ ಒಂದು, ಉದ್ದದ ಫ್ರೀ ಸ್ಕೇಟ್‌ನಲ್ಲಿ ಎರಡು, ಒಂದೇ ಸ್ಪರ್ಧೆಯಲ್ಲಿ ಮೂರು ಟ್ರಿಪಲ್ ಆಕ್ಸೆಲ್ ಇಳಿಸಿದಳು. ಅದಕ್ಕೂ ಮೊದಲು ಯಾವ ಮಹಿಳೆಯೂ ಮಾಡಿರಲಿಲ್ಲ. ಆದರೂ ಚಿನ್ನ ಗೆದ್ದ ಕೊರಿಯಾದ ಕಿಮ್ ಯುನಾಗೆ 228.56, ಮಾವೋಗೆ 205.50. ಇಪ್ಪತ್ತಮೂರು ಅಂಕದ ಅಂತರ. ಫ್ರೀ ಸ್ಕೇಟ್‌ನ ಎರಡನೇ ಅರ್ಧದಲ್ಲಿ ಟ್ರಿಪಲ್ ಟೋ ಲೂಪ್ ಒಂದೇ ಸುತ್ತಾಗಿ ಹೋಯಿತು. ಲಟ್ಸ್ ಪ್ರೋಗ್ರಾಂನಲ್ಲೇ ಇರಲಿಲ್ಲ. ನನ್ನ ಅಭಿಪ್ರಾಯ ಇಷ್ಟು: ಆ ವರ್ಷ ಅವಳ ಪ್ರೋಗ್ರಾಂ ಪೂರ್ತಿ ಆಕ್ಸೆಲ್ ಮೇಲೆ ನಿಂತಿತ್ತು, ಉಳಿದ ಜಂಪ್‌ಗಳು ಆ ಭಾರ ಹೊರುವ ಸ್ಥಿತಿಯಲ್ಲಿ ಇರಲಿಲ್ಲ.

ಮುಂದಿನ ತಿಂಗಳೇ ಟ್ಯೂರಿನ್‌ನಲ್ಲಿ ಎರಡನೇ ಸಲ ವಿಶ್ವ ಚಾಂಪಿಯನ್. ಹತ್ತೊಂಬತ್ತು ವರ್ಷ, ಒಲಿಂಪಿಕ್ ಬೆಳ್ಳಿ, ಎರಡು ವಿಶ್ವ ಪ್ರಶಸ್ತಿ. ಹಾಗೇ ಮುಂದುವರಿದಿದ್ದರೂ ಯಾರೂ ಒಂದು ಮಾತು ಆಡುತ್ತಿರಲಿಲ್ಲ. ಅವಳು ಮಾಡಿದ್ದೇ ಬೇರೆ. ರಷ್ಯಾದ ಕೋಚ್ ತಾತಿಯಾನಾ ತರಾಸೊವಾ ಅವರ ಜೊತೆಗಿನ ತರಬೇತಿ ಮುಗಿಸಿ, ನೊಬುವೊ ಸಾತೊ ಅವರ ಹತ್ತಿರ ಹೋಗಿ ಎಲ್ಲ ಜಂಪ್‌ಗಳನ್ನೂ ಬುಡದಿಂದ ತಿದ್ದಿಕೊಳ್ಳಲು ನಿಂತಳು. ಕೃತಿಗಳನ್ನು ಹಾಡುತ್ತಿದ್ದವಳು ತಾನೇ ಹೋಗಿ ಸರಳೆ ವರಸೆಗೆ ಕೂತ ಹಾಗೆ. ಸಾತೊ ಅವರು ಹಳೇ ಕಾಲದ ಗುರು, ಸ್ವತಃ ಹತ್ತು ಸಲ ಜಪಾನ್ ಚಾಂಪಿಯನ್. ಜಂಪ್‌ಗಿಂತ ಮೊದಲು ಸ್ಕೇಟಿಂಗ್ ಅನ್ನುವವರು: ಅಂಚು ಆಳವಾಗಿರಬೇಕು, ಮಂಡಿ ಬಗ್ಗಬೇಕು, ವೇಗ ಇರಬೇಕು.

ಫಲಿತಾಂಶ ಏನಾಯಿತು ಗೊತ್ತಾ? ಆ ವರ್ಷದ ಎನ್‌ಎಚ್‌ಕೆ ಟ್ರೋಫಿ, ಅಂದರೆ ಗ್ರಾಂಡ್ ಪ್ರಿ ಸರಣಿಯ ಜಪಾನ್ ಸ್ಪರ್ಧೆ, ಅವಳ ಸ್ವಂತ ಊರು ನಗೋಯಾದಲ್ಲೇ ನಡೆಯಿತು. ವಿಶ್ವ ಚಾಂಪಿಯನ್ ಎಂಟನೇ ಸ್ಥಾನಕ್ಕೆ ಇಳಿದಳು. ಪ್ಯಾರಿಸ್‌ನಲ್ಲಿ ಐದನೆಯವಳು. 2011ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆರನೆಯವಳು. 2011ರ ಡಿಸೆಂಬರಿನಲ್ಲಿ ತಾಯಿಯ ಸ್ಥಿತಿ ಗಂಭೀರವಾಯಿತು, ಗ್ರಾಂಡ್ ಪ್ರಿ ಫೈನಲ್‌ಗೆ ಅಂತ ಕ್ವಿಬೆಕ್‌ಗೆ ಹೋಗಿದ್ದವಳು ಸ್ಪರ್ಧೆ ಬಿಟ್ಟು ಊರಿಗೆ ಓಡಿದಳು, ಅಷ್ಟರಲ್ಲಿ ತಾಯಿ ತೀರಿಕೊಂಡಿದ್ದರು. ಅದೇ ತಿಂಗಳು ಜಪಾನ್ ಚಾಂಪಿಯನ್‌ಶಿಪ್ ಗೆದ್ದಳು. 2012ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮತ್ತೆ ಆರು. ಎರಡು ಸೀಸನ್ ಅಂದರೆ ಸಣ್ಣ ಮಾತಲ್ಲ ಪುಟ್ಟಾ. ನಿನ್ನ ಕೋಚ್ "ಒಂದು ಸೀಸನ್ ಕೊಡು" ಅಂತ ಕೇಳಿದ್ದಾರೆ. ಅದು ಹೆಚ್ಚಾಯಿತು ಅಂತ ನನಗೆ ಅನ್ನಿಸುವುದಿಲ್ಲ, ಕಡಿಮೆಯಾಯಿತು ಅನ್ನಿಸುತ್ತದೆ.

ಈಗ ನಿನ್ನ ಲಟ್ಸ್ ವಿಷಯ. ನಿಮ್ಮಮ್ಮ ಕಳಿಸಿದ ವಿಡಿಯೊಗಳಲ್ಲಿ ಕಂಡದ್ದನ್ನೇ ಹೇಳುತ್ತೇನೆ. ನೀನು ಹೊರ ಅಂಚಿನಲ್ಲಿ ತುಂಬಾ ದೂರ ಬರುತ್ತೀ, ರಿಂಕಿನ ಮೂಲೆಯವರೆಗೂ. ಅಷ್ಟು ದೂರ ಕಾಯುವಾಗ ಅಂಚು ಚಪ್ಪಟೆಯಾಗುತ್ತದೆ. ಲಟ್ಸ್‌ನಲ್ಲಿ ನೀನು ಬರುವ ವಕ್ರ ಒಂದು ದಿಕ್ಕಿಗೆ, ಗಾಳಿಯಲ್ಲಿ ಸುತ್ತುವುದು ವಿರುದ್ಧ ದಿಕ್ಕಿಗೆ. ಸುತ್ತಬೇಕು ಅನ್ನುವ ಆತುರದಲ್ಲಿ ದೇಹ ಮೊದಲೇ ತಿರುಗುತ್ತದೆ, ಪಾದ ಒಳಗೆ ವಾಲುತ್ತದೆ. ಬಲಗಾಲಿನ ಟೋ ಪಿಕ್ ನೇರವಾಗಿ ಹಿಂದೆ ಊರುವ ಬದಲು ಅಡ್ಡವಾಗಿ ಎಡಗಾಲಿನ ಹಿಂದಕ್ಕೆ ಹೋಗುತ್ತದೆ. ಅಂಚು ಕೆಡುವುದು ಪಾದದಲ್ಲಿ ಕಂಡರೂ ಶುರುವಾಗುವುದು ಭುಜದಲ್ಲಿ.

ಇದನ್ನು ಹಿಡಿಯಲು ಕ್ಯಾಮೆರಾಗಿಂತ ಐಸ್ ಒಳ್ಳೆಯದು. ಐಸ್ ಹೊಸದಾಗಿ ನಯಗೊಳಿಸಿದ ತಕ್ಷಣ ಹೋಗಿ ಒಂದೇ ಒಂದು ಸಿಂಗಲ್ ಲಟ್ಸ್ ಹಾರು. ವಾಪಸ್ ಬಂದು ಬಗ್ಗಿ ನಿನ್ನ ಗೆರೆ ನೋಡು. ಟೋ ಪಿಕ್ ಮಾಡಿದ ಗುಂಡಿಯವರೆಗೂ ಗೆರೆ ಒಂದೇ ಕಡೆಗೆ ಬಾಗಿದ್ದರೆ ಅದು ಲಟ್ಸ್. ಕೊನೆಯ ಒಂದಡಿಯಲ್ಲಿ ಗೆರೆ ನೆಟ್ಟಗಾಗಿ ಆಚೆ ಬದಿಗೆ ಹೊರಳಿದ್ದರೆ, ಹಾವಿನ ಹಾಗೆ ಕಂಡರೆ, ಅಂಚು ಬದಲಾಗಿದೆ. ಇಳಿದ ಕಡೆಯೂ ನೋಡು. ಪೂರ್ತಿ ಸುತ್ತಿ ಬಲಗಾಲಿನ ಹಿಂದಿನ ಹೊರ ಅಂಚಿಗೆ ಇಳಿದಿದ್ದರೆ ಮೊದಲ ಗುರುತಿನಿಂದಲೇ ಗೆರೆ ನಯವಾಗಿ ಹೊರಡುತ್ತದೆ. ಕಡಿಮೆ ಸುತ್ತಿದ್ದರೆ ಅಲ್ಲೊಂದು ಸಣ್ಣ ಕೊಕ್ಕೆ ಇರುತ್ತದೆ, ಬ್ಲೇಡ್ ನೆಲದ ಮೇಲೆ ತಿರುಗಿದ ಗುರುತು. ಯಾರು ಎಷ್ಟು ಹೊಗಳಿದರೂ ಆ ಕೊಕ್ಕೆ ಸುಳ್ಳು ಹೇಳುವುದಿಲ್ಲ.

ತಿದ್ದುವ ಕ್ರಮ ನಿನ್ನ ಕೋಚ್ ಹೇಳಿದ್ದೇ ಸರಿ: ಡಬಲ್ ಪೂರ್ತಿ ನಿಲ್ಲಿಸಿ ಸಿಂಗಲ್. ಬರುವ ದಾರಿ ಚಿಕ್ಕದು ಮಾಡು. ರಿಂಕಿನಲ್ಲಿರುವ ಐಸ್ ಹಾಕಿ ಆಟದ ವೃತ್ತದ ಗೆರೆ ಹಿಡಿದು ಹಿಂದಿನ ಹೊರ ಅಂಚಿನಲ್ಲಿ ಅರ್ಧ ವೃತ್ತ ಬಂದು, ಹಾರದೆ, ಟೋ ಪಿಕ್ ಮಾತ್ರ ಊರಿ ನಿಲ್ಲು. ಸೊಂಟದ ಮೇಲಿನ ಭಾಗ ತಿರುಗಿರಬಾರದು. ಅದು ಹತ್ತಕ್ಕೆ ಎಂಟು ಸಲ ಬಂದ ಮೇಲೆ ಸಿಂಗಲ್, ಆಮೇಲೆ ಡಬಲ್. ಬೇಸರದ ಕೆಲಸ, ಒಪ್ಪುತ್ತೇನೆ.

ಆಕ್ಸೆಲ್‌ನಲ್ಲಿ ನಿನ್ನ ತೊಂದರೆ ಬೇರೆ. ಎಡಗಾಲಿನ ಮುಂದಿನ ಹೊರ ಅಂಚಿನಲ್ಲಿ ಹಾರುವಾಗ ಬ್ಲೇಡ್ ಸ್ವಲ್ಪ ಜಾರಿ ತಿರುಗುವುದು ಸಹಜ, ಎಲ್ಲರಿಗೂ ಆಗುತ್ತದೆ. ನಿನಗೆ ಅತಿಯಾಗುತ್ತಿದೆ. ಎಡ ಭುಜ ಮೊದಲೇ ತೆರೆದುಕೊಳ್ಳುತ್ತದೆ, ಬಲ ಮಂಡಿ ಮುಂದೆ ಮೇಲೆ ಬರುವ ಬದಲು ಪಕ್ಕದಿಂದ ಬೀಸಿ ಬರುತ್ತದೆ. ಹಾಗಾಗಿ ಎತ್ತರ ಸಿಗದೆ, ಭಾರ ಬಲಗಡೆಗೆ ಬರುವ ಮೊದಲೇ ಸುತ್ತು ಶುರು. ಎರಡೂವರೆ ಸುತ್ತು ಆಗಬೇಕಾದಲ್ಲಿ ಎರಡೂ ಕಾಲು ಆಗುತ್ತದೆ. ಅರ್ಧ ಸುತ್ತಿನ ವಾಲ್ಟ್ಜ್ ಜಂಪ್ ಹಾರಿ ಇಳಿದಲ್ಲೇ ಬ್ಯಾಕ್ ಸ್ಪಿನ್, ಸಿಂಗಲ್ ಆಕ್ಸೆಲ್ ಹಾರಿ ಇಳಿದಲ್ಲೇ ಬ್ಯಾಕ್ ಸ್ಪಿನ್, ಇವೆರಡನ್ನೇ ತಿಂಗಳುಗಟ್ಟಲೆ ಮಾಡು. ಸ್ಪಿನ್ ನಿಂತ ಜಾಗದಲ್ಲೇ ಸಿಕ್ಕರೆ ಭಾರ ಸರಿಯಾದ ಕಡೆ ಬಂದಿದೆ ಅಂತ ಅರ್ಥ. ಡಬಲ್ ಆಕ್ಸೆಲ್ ಒಂದು ಸೆಷನ್‌ಗೆ ಹತ್ತು ಹನ್ನೆರಡು ಸಾಕು. ಒಂದರ ಹಿಂದೆ ಒಂದು ಮೂರು ಬಿದ್ದರೆ ಅವತ್ತಿಗೆ ಅದನ್ನು ಬಿಡು, ಸುಸ್ತಾದ ದೇಹ ತಪ್ಪನ್ನೇ ಚೆನ್ನಾಗಿ ಕಲಿಯುತ್ತದೆ.

ಅಲ್ಲಿಯವರೆಗೆ ಸ್ಪರ್ಧೆಯಲ್ಲಿ ಏನು ಮಾಡುವುದು ಅಂತ ನಿನ್ನ ದೊಡ್ಡ ಚಿಂತೆ. ಲೆಕ್ಕ ಹಾಕೋಣ. 2018ರಲ್ಲಿ ಬದಲಾದ ಅಂಕಪಟ್ಟಿಯಲ್ಲಿ ಡಬಲ್ ಆಕ್ಸೆಲ್ 3.3. ಆಮೇಲಿನ ತಿದ್ದುಪಡಿಯ ಪ್ರಕಾರ, ಕಾಲು ಸುತ್ತಿಗಿಂತ ಹೆಚ್ಚು, ಅರ್ಧ ಸುತ್ತಿಗಿಂತ ಕಡಿಮೆ ಕೊರತೆಯಾದರೆ 80 ಶೇಕಡಾ, ಅಂದರೆ 2.64. ಬಿದ್ದರೆ ಗುಣಮಟ್ಟದಲ್ಲಿ ಅದರರ್ಧ ಹೋಗಿ 1.32. ಬಿದ್ದದ್ದಕ್ಕೆ ಪ್ರತ್ಯೇಕವಾಗಿ ಒಂದು ಅಂಕ ಕಳೆದರೆ ಕೈಗೆ ಸಿಗುವುದು 0.32. ಸಾಧಾರಣ ಡಬಲ್ ಲೂಪ್ 1.7 ಕೊಡುತ್ತದೆ. ಇನ್ನು ನಿನ್ನ ಕಾಲು ಬದಲಿಸುವ ಕಾಂಬಿನೇಷನ್ ಸ್ಪಿನ್ ಎರಡನೇ ಲೆವೆಲ್‌ನಲ್ಲಿದೆ, 2.5. ನಾಲ್ಕಕ್ಕೆ ಏರಿಸಿದರೆ 3.5. ಅದಕ್ಕೆ ಬೀಳುವ ಭಯವಿಲ್ಲ, ಮಂಡಿಗೂ ಪೆಟ್ಟಿಲ್ಲ. ಈ ಸೀಸನ್ ಸ್ಪಿನ್ ಮತ್ತು ಸ್ಟೆಪ್ ಸೀಕ್ವೆನ್ಸ್‌ಗೆ ಸಮಯ ಕೊಡು, ಆಕ್ಸೆಲ್ ಪ್ರೋಗ್ರಾಂನಿಂದ ತೆಗೆ.

ಮಾವೋ ಮಾಡಿದ್ದೂ ಅದೇ. 2012ರ ಶರತ್ಕಾಲದಲ್ಲಿ ಟ್ರಿಪಲ್ ಆಕ್ಸೆಲ್ ಹೊರಗಿಟ್ಟು ಕಪ್ ಆಫ್ ಚೀನಾ, ಎನ್‌ಎಚ್‌ಕೆ, ಸೋಚಿಯ ಗ್ರಾಂಡ್ ಪ್ರಿ ಫೈನಲ್ ಮೂರನ್ನೂ ಗೆದ್ದಳು. ಉಳಿದ ಜಂಪ್‌ಗಳು ನಿಂತ ಮೇಲೆ, 2013ರ ಫೆಬ್ರವರಿಯಲ್ಲಿ ಒಸಾಕಾದ ಫೋರ್ ಕಾಂಟಿನೆಂಟ್ಸ್ ಚಾಂಪಿಯನ್‌ಶಿಪ್‌ನಲ್ಲಿ ಅದನ್ನು ವಾಪಸ್ ತಂದಳು, ಗೆದ್ದಳು. ಮುಂದಿನ ತಿಂಗಳು ನಿಮ್ಮ ಒಂಟಾರಿಯೊದ ಲಂಡನ್‌ನಲ್ಲಿ ವಿಶ್ವ ಕಂಚು.

2014ರ ಸೋಚಿ ಒಲಿಂಪಿಕ್ಸ್ ವಿಡಿಯೊ ನೋಡಿ ನೀನು ಅತ್ತದ್ದು ನನಗೆ ಗೊತ್ತು. ಶಾರ್ಟ್ ಪ್ರೋಗ್ರಾಂನಲ್ಲಿ ಆಕ್ಸೆಲ್ ಬಿದ್ದಿತು, ಫ್ಲಿಪ್ ಕಡಿಮೆ ಸುತ್ತಿತು, ಲೂಪ್ ಕಾಂಬಿನೇಷನ್ ಆಗಲೇ ಇಲ್ಲ. 55.51, ಹದಿನಾರನೇ ಸ್ಥಾನ. ಮಾರನೇ ದಿನ ಫ್ರೀ ಸ್ಕೇಟ್‌ನಲ್ಲಿ ಆಕ್ಸೆಲ್ ಸೇರಿ ಆರೂ ಬಗೆಯ ಟ್ರಿಪಲ್, ಒಟ್ಟು ಎಂಟು ಟ್ರಿಪಲ್. 142.71, ಅವಳ ಜೀವಮಾನದ ಅತ್ಯುತ್ತಮ. ಒಟ್ಟು 198.22, ಆರನೇ ಸ್ಥಾನ. ಜನ ಇದನ್ನು ಪವಾಡ ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಒಂದು ರಾತ್ರಿಯಲ್ಲಿ ಯಾರಿಗೂ ಆರು ಬಗೆಯ ಟ್ರಿಪಲ್ ಬರುವುದಿಲ್ಲ. ವ್ಯಾಂಕೂವರ್‌ನಲ್ಲಿ ಲಟ್ಸ್ ಕೈಬಿಟ್ಟಿದ್ದವಳು ಸೋಚಿಯಲ್ಲಿ ಅದನ್ನೂ ಹಾಕಿದಳು. ನಗೋಯಾದ ಎಂಟನೇ ಸ್ಥಾನದ ಕಾಲದಲ್ಲಿ ಮಾಡಿದ ಕೆಲಸ ಅದು. ಅಂಚು ಪೂರ್ತಿ ಶುದ್ಧವಾಗಿತ್ತು ಅಂತ ನಾನು ಹೇಳಲಾರೆ, ಎಳವೆಯಲ್ಲಿ ಕೂತ ರೂಢಿ ಕೊನೆಗೂ ಪೂರ್ತಿ ಬಿಡಲಿಲ್ಲ. ಅದಕ್ಕೇ ಹೇಳುವುದು, ನಿನಗೆ ಹದಿಮೂರು, ಈಗಲೇ ತಿದ್ದಿಕೋ. ಅವಳು ಶುರು ಮಾಡಿದ್ದು ಹತ್ತೊಂಬತ್ತಕ್ಕೆ. ಸೋಚಿಯ ಮುಂದಿನ ತಿಂಗಳು ಸೈತಾಮಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವಳ ಶಾರ್ಟ್ ಪ್ರೋಗ್ರಾಂಗೆ 78.66, ಆಗಿನ ವಿಶ್ವದಾಖಲೆ, ಒಟ್ಟು 216.69, ಮೂರನೇ ವಿಶ್ವ ಪ್ರಶಸ್ತಿ.

ಕೊನೆಯ ಭಾಗವನ್ನೂ ಮುಚ್ಚಿಡುವುದಿಲ್ಲ. ಒಂದು ಸೀಸನ್ ವಿಶ್ರಾಂತಿ ಪಡೆದು 2015ರಲ್ಲಿ ವಾಪಸ್ ಬಂದಳು, ಎಡ ಮಂಡಿ ಕೈಕೊಟ್ಟಿತು, 2016ರ ಜಪಾನ್ ಚಾಂಪಿಯನ್‌ಶಿಪ್‌ನಲ್ಲಿ ಹನ್ನೆರಡನೆಯವಳಾದಳು, 2017ರ ಏಪ್ರಿಲ್‌ನಲ್ಲಿ ನಿವೃತ್ತಿ ಹೇಳಿದಳು. ಆ ಕೊನೆಯ ಸ್ಪರ್ಧೆಯಲ್ಲೂ ಟ್ರಿಪಲ್ ಆಕ್ಸೆಲ್‌ಗೆ ಕೈಹಾಕಿದಳು. ಅವಳ ಹಟ ನನಗೆ ಇಷ್ಟ, ಆದರೆ ನಿನ್ನ ಮಂಡಿ ಇನ್ನೂ ಬೆಳೆಯುತ್ತಿದೆ. ಈ ವರ್ಷ ನೀನು ಉದ್ದವಾಗಿದ್ದೀಯ, ಉದ್ದವಾದಾಗ ಸುತ್ತುವ ಲಯ ತಪ್ಪುತ್ತದೆ, ಬೂಟು ಬಿಗಿಯಾಗುತ್ತದೆ. ಹೆಬ್ಬೆರಳು ಬೂಟಿನ ತುದಿಗೆ ಒತ್ತುತ್ತಿದ್ದರೆ ಅಪ್ಪನಿಗೆ ಇವತ್ತೇ ಹೇಳು, ಖರ್ಚಿನ ಯೋಚನೆ ಮಾಡಿ ಸುಮ್ಮನಿರಬೇಡ. ಹೊಸ ಬೂಟನ್ನು ಸ್ಪರ್ಧೆಯ ಹತ್ತಿರ ಹಾಕಬೇಡ. ಬ್ಲೇಡ್ ಸಾಣೆ ಹಿಡಿಸಿದ ದಿನ ಲಟ್ಸ್ ಗೆರೆ ಪರೀಕ್ಷೆ ಬೇಡ, ಒಂದೆರಡು ದಿನ ಅಂಚು ಹಿಡಿತಕ್ಕೆ ಬರಲಿ. ಮಂಡಿ ಚಿಪ್ಪಿನ ಕೆಳಗೆ ನೋವು ಬಂದರೆ ಜಂಪ್ ನಿಲ್ಲಿಸಿ ಡಾಕ್ಟರಿಗೆ ತೋರಿಸು.

ಮುಂದಿನ ವಾರದ ವಿಡಿಯೊ ಕಳಿಸುವಾಗ ಎರಡು ಬೇಕು: ಲಟ್ಸ್ ಹಿಂದಿನಿಂದ, ಆಕ್ಸೆಲ್ ಪಕ್ಕದಿಂದ. ಫೋನ್ ಅಡ್ಡ ಹಿಡಿಯಲಿ, ಪಾದ ಪೂರ್ತಿ ಕಾಣಲಿ. ಹಾಡು ಹಾಕಬೇಡ, ಬ್ಲೇಡ್ ಸದ್ದು ಕೇಳಬೇಕು ನನಗೆ. ಐಸ್ ಮೇಲಿನ ಗೆರೆಯ ಫೋಟೊವನ್ನೂ ಸೇರಿಸು.

ಇಂತಿ,
ನಿನ್ನ ದೊಡ್ಡಮ್ಮ