ಬೋರ್ಡ್ ಕೆಟ್ಟಿಲ್ಲ, ಬೂಟ್‌ಲೋಡರ್ ಚಿಪ್ಪನ್ನು ಕೇಳಿಲ್ಲ

ಮಾನ್ಯ ಸಂಪಾದಕರೆ,

ಬ್ಯಾಡಗಿ ಸುತ್ತಿನ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಉಷ್ಣಾಂಶ ನೋಡಿಕೊಳ್ಳುವ ಪ್ಯಾನೆಲ್‌ಗಳ ದುರಸ್ತಿ ನನ್ನ ಉದ್ಯೋಗ. ಈ ಸಲ ಮೆಣಸಿನಕಾಯಿ ಹಂಗಾಮು ಜೋರಿದ್ದಾಗ ಮಾಲೀಕರೊಬ್ಬರ ಫೋನ್ ಬಂತು: "ಹೊಸಾ ಬೋರ್ಡ್ ಹಾಕ್ಸೇನ್ರಿ, ಆದ್ರೂ ಸ್ಕ್ರೀನ್ ಹತ್ತವಲ್ದು."

ಹೊಸ ಬೋರ್ಡ್ ಥೇಟ್ ಹಳೆಯದರಂತೆಯೇ ಇತ್ತು, ಮಾಡೆಲ್ ನಂಬರೂ ಅದೇ. ಹೀಟ್‌ಸಿಂಕ್ ತೆಗೆದು ಚಿಪ್ ನೋಡಿದೆ. ಹಳೆಯದು ಐ.ಎಂಎಕ್ಸ್ 6 ಎಂಬ ಪ್ರೊಸೆಸರ್ ಸಾಲಿನ ಕ್ವಾಡ್ (ನಾಲ್ಕು ಕೋರ್, ಅಂದರೆ ಲೆಕ್ಕ ಮಾಡುವ ಘಟಕ), ಹೊಸದು ಅದೇ ಸಾಲಿನ ಸೋಲೊ (ಒಂದೇ ಕೋರ್). ಹೀಗೆ ಬದಲಿಸುವುದು ತಪ್ಪಲ್ಲ. ಒಂದರ ಜಾಗದಲ್ಲಿ ಇನ್ನೊಂದು ಕೂರುವಂತೆಯೇ ಇವುಗಳ ಪಿನ್ ಜೋಡಿಸಿದ್ದಾರೆ. 2021ರ ಚಿಪ್ ಅಭಾವದಲ್ಲಿ ಸಿಕ್ಕದ್ದನ್ನು ಹಾಕಿ ಬೋರ್ಡ್ ಮಾಡಿದವರು ಬಹಳ. ಆದರೆ ಕ್ವಾಡ್‌ಗೆ ಮೆಮೊರಿಯ ದಾರಿ 64 ಬಿಟ್, ಸೋಲೊಗೆ 32. ಬೋರ್ಡನ್ನು ಎಬ್ಬಿಸುವ ತಂತ್ರಾಂಶವೇ ಬೂಟ್‌ಲೋಡರ್. ಅದರ ಕಡತದ, ಅಂದರೆ ಇಮೇಜಿನ, ತಲೆಯಲ್ಲಿ ಡಿಸಿಡಿ ಎಂಬ ಪಟ್ಟಿಯಿದ್ದು, ಅದರಲ್ಲಿ ಕ್ವಾಡ್‌ನ ಮೆಮೊರಿ ಸೆಟ್ಟಿಂಗ್ ಬರೆದಿಟ್ಟಿದ್ದರೆ ಚಿಪ್ ಅದನ್ನು ಕಣ್ಣುಮುಚ್ಚಿ ಪಾಲಿಸುತ್ತದೆ. ಮುಂದೆ ಬೂಟ್ ಆಗುವ ಮಾತೇ ಇಲ್ಲ. ಬೋರ್ಡ್ ಹೇಳುವುದನ್ನು ಓದುವ ಸೀರಿಯಲ್ ಕೇಬಲ್ ಹಚ್ಚಿದರೆ ಒಂದಕ್ಷರವೂ ಬರಲಿಲ್ಲ.

ಈ ಬೋರ್ಡಿನ ಬೂಟ್‌ಲೋಡರ್ ಯು-ಬೂಟ್, ಅದರಲ್ಲಿ ಇದಕ್ಕೆ ದಾರಿ ಇದೆ. ಮೆಮೊರಿ ಏಳುವ ಮೊದಲೇ, ಚಿಪ್ಪಿನೊಳಗಿನ ಸಣ್ಣ ಜಾಗದಲ್ಲಿ ಓಡುವ ಎಸ್‌ಪಿಎಲ್ (ಯು-ಬೂಟ್‌ನ ಮೊದಲ ಪುಟ್ಟ ಭಾಗ) ಗುರುತಿನ ರಿಜಿಸ್ಟರ್, ಅಂದರೆ ಚಿಪ್ಪಿನ ಗುರುತಿನ ಸಂಖ್ಯೆ ಇರುವ ಜಾಗ, ಓದಬಹುದು. ಹೆಕ್ಸ್ (ಹದಿನಾರರ) ಲೆಕ್ಕದಲ್ಲಿ ಕ್ವಾಡ್ 63 ಎನ್ನುತ್ತದೆ, ಅದೇ ಸಾಲಿನ ಎರಡು ಕೋರಿನ ಡ್ಯುಯಲ್‌ಲೈಟ್ 61. ಸೋಲೊ ಚಾಲಾಕಿ, ಅದೂ 61 ಎಂದೇ ಹೇಳುತ್ತದೆ! ಹಾಗಾಗಿ ಕೋರ್ ಎಷ್ಟೆಂದು ಇನ್ನೊಂದು ರಿಜಿಸ್ಟರ್‌ನಲ್ಲಿ ನೋಡಬೇಕು. ಒಂದೇ ಇದ್ದರೆ ಸೋಲೊ. ಅದರ ಮೇಲೆ ಮೆಮೊರಿ ಸೆಟ್ಟಿಂಗ್, ಆಮೇಲೆ ಡಿವೈಸ್ ಟ್ರೀ (ಬೋರ್ಡಿನ ಯಂತ್ರಾಂಶದ ಪಟ್ಟಿ) ಆರಿಸಿದರೆ ಒಂದೇ ಇಮೇಜ್ ಎರಡೂ ಬೋರ್ಡಿಗೆ ನಡೆಯುತ್ತದೆ. ಈ ಕೋಡ್ ಬರೆದು ಇಟ್ಟೇ ಇದೆ, ಬಳಸಿಕೊಳ್ಳುವುದಷ್ಟೇ ಬಾಕಿ.

ಮಾರಿದವರು "ಬೋರ್ಡ್ ಫಾಲ್ಟಿ, ವಾಪಸ್ ಕಳಿಸಿ" ಎಂದರು. ಬೂಟ್‌ಲೋಡರ್‌ನ ಸೋರ್ಸ್ (ಮೂಲ ಕೋಡ್) ಕೇಳಿದರೆ ಅದು ಕಂಪನಿಯ ಗುಟ್ಟಂತೆ. ಯು-ಬೂಟ್ ಜಿಪಿಎಲ್ ಎಂಬ ಮುಕ್ತ ಪರವಾನಗಿಯ ತಂತ್ರಾಂಶ. ಅದನ್ನು ಬೋರ್ಡಿನಲ್ಲಿ ಹಾಕಿ ಮಾರಿದವರು ಕೊಂಡವರಿಗೆ ಸೋರ್ಸನ್ನೂ ಕೊಡಬೇಕು. ಕೊನೆಗೆ ಸೋಲೊದ ಬೇರೆ ಇಮೇಜ್ ಕಳಿಸಿದರು, ಬೋರ್ಡ್ ಎದ್ದಿತು. ಅಲ್ಲಿಯವರೆಗೆ ಹುಡುಗರು ರಾತ್ರಿಯೆಲ್ಲ ಥರ್ಮಾಮೀಟರ್ ನೋಡುತ್ತ ಕಂಪ್ರೆಸರನ್ನು ಕೈಯಿಂದಲೇ ನಡೆಸಿದರು.

ಬೋರ್ಡ್ ಮಾಡುವವರು ಲೇಬಲ್ ಮೇಲೆ ಪ್ರೊಸೆಸರ್‌ನ ಪೂರ್ತಿ ನಂಬರ್ ಅಚ್ಚುಹಾಕಲಿ. ಸ್ಟೋರೇಜ್ ಮಾಲೀಕರು ಅದನ್ನು ಖರೀದಿ ಆರ್ಡರ್‌ನಲ್ಲೇ ಬರೆಸಲಿ, ಬೂಟ್ ಇಮೇಜ್ ಇರುವ ಎಸ್‌ಡಿ ಕಾರ್ಡನ್ನು ಬೋರ್ಡ್ ಜೊತೆಗೇ ಇಸಕೊಳ್ಳಲಿ. ಸ್ಪೇರ್ ಬೋರ್ಡನ್ನು ಹಂಗಾಮು ಶುರುವಾಗುವ ಮೊದಲೇ ಒಮ್ಮೆ ಹಾಕಿ ನೋಡಿಟ್ಟರೆ ನನ್ನಂಥವರಿಗೆ ನಡುರಾತ್ರಿ ಫೋನ್ ಬರುವುದು ಕಡಿಮೆಯಾದೀತು.

– ಪ್ಯಾನೆಲ್ ದುರಸ್ತಿಗಾರ, ಬ್ಯಾಡಗಿ, ಹಾವೇರಿ ಜಿಲ್ಲೆ