ಹಿಮಮಾನವನ ಹೆಜ್ಜೆ

ಮಗಳೇ,

ಹಿಮಾಲಯದಲ್ಲಿ ಓಡಾಡುತ್ತಾನೆ ಎನ್ನುವ ಹಿಮಮಾನವ, ಅಂದರೆ ಯೇತಿ, ನಿಜವಾಗಲೂ ಇದ್ದಾನಾ ಎಂದು ಕೇಳಿದ್ದೀಯ. ಇಲ್ಲ ಅಂತಲೇ ನನ್ನ ಲೆಕ್ಕ. ಹಾಗಂತ ನಂಬಿದವರನ್ನು ಪೆದ್ದರು ಅನ್ನಬೇಡ.

ಪೊದೆ ಅಲುಗಿತು ಅಂತಿಟ್ಟುಕೋ. ಗಾಳಿಗೆ ಹೆದರಿ ಓಡಿದವನಿಗೆ ಏದುಸಿರು ಬಂತು, ಅಷ್ಟೇ. ಹುಲಿಯನ್ನು ಗಾಳಿ ಅಂದುಕೊಂಡು ಕೂತವನು ಉಳಿಯಲಿಲ್ಲ. ನಾವೆಲ್ಲ ಓಡಿದವರ ಸಂತತಿ. ಮಬ್ಬಿನಲ್ಲಿ ಹಗ್ಗ ನಮಗೆ ಹಾವಾಗುವುದು ಸಹಜ. 1976ರಲ್ಲಿ ವೈಕಿಂಗ್ 1 ನೌಕೆ ಕಳಿಸಿದ ಮಂಗಳನ ಚಿತ್ರದಲ್ಲಿ ಒಂದು ಗುಡ್ಡ ಥೇಟ್ ಮನುಷ್ಯನ ಮುಖದಂತೆ ಕಂಡಿತು. 2001ರಲ್ಲಿ ಸ್ಪಷ್ಟವಾದ ಚಿತ್ರ ಬಂದಾಗ ಮುಖ ಮಾಯವಾಗಿ ಗುಡ್ಡ ಉಳಿಯಿತು.

ಈಗ ಹೆಜ್ಜೆಯ ವಿಷಯ. 1951ರಲ್ಲಿ ಪರ್ವತಾರೋಹಿ ಎರಿಕ್ ಶಿಪ್ಟನ್ ಹಿಮಾಲಯದ ಮೆನ್ಲುಂಗ್ ಹಿಮನದಿಯ ಮೇಲೆ ತೆಗೆದ ಹೆಜ್ಜೆಗುರುತಿನ ಫೋಟೊ ಜಗತ್ತನ್ನೇ ಸುತ್ತಿತು. ಫೋಟೊದಲ್ಲಿ ಅಳತೆ ಸಿಗುತ್ತದೆ, ಹೆಜ್ಜೆ ಎಷ್ಟು ಹಳೆಯದು ಎಂಬುದು ಸಿಗುವುದಿಲ್ಲ. ಹಿಮದಲ್ಲಿ ಅದೇ ದೊಡ್ಡ ತೊಡಕು. ಕರಡಿ ನಡೆಯುವಾಗ ಹಿಂಗಾಲು ಎಷ್ಟೋ ಸಲ ಮುಂಗಾಲಿನ ಗುರುತಿನ ಮೇಲೇ ಅರ್ಧಂಬರ್ಧ ಬಿದ್ದು, ಎರಡು ಸೇರಿ ಒಂದೇ ಉದ್ದನೆಯ ಪಾದವಾಗುತ್ತದೆ. ಬಿಸಿಲೇರಿದಂತೆ ಅಂಚು ಕರಗಿ ಗುಂಡಿ ಅಗಲವಾಗುತ್ತದೆ, ಉಗುರಿನ ಸಣ್ಣ ಗೀರುಗಳು ಅಳಿಸಿಹೋಗುತ್ತವೆ. ರಾತ್ರಿ ಅದೇ ಆಕಾರದಲ್ಲಿ ಹೆಪ್ಪುಗಟ್ಟಿತೆಂದರೆ ಬೆಳಿಗ್ಗೆ ಬಂದವರಿಗೆ ದೈತ್ಯನ ಕಾಲು ಸಿದ್ಧ!

ಹಿಮಮಾನವನದೆಂದು ಜನ ಜೋಪಾನ ಮಾಡಿದ್ದ ಮೂಳೆ, ಹಲ್ಲು, ಚರ್ಮ, ಕೂದಲು ಮುಂತಾದ ಒಂಬತ್ತು ಮಾದರಿಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2017ರಲ್ಲಿ ಹೊರಬಂತು. ಎಂಟು ಕರಡಿಯವು, ಒಂದು ನಾಯಿಯದು.

ಬೇಕೆಂದೇ ಮಾಡಿದ ಮೋಸವೂ ಉಂಟು. ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಲ್ಲಿದೆ ಎಂದು ಜನ ನಂಬಿದ್ದ ದೈತ್ಯ ಪ್ರಾಣಿಯ 1934ರ ಹೆಸರಾಂತ ಫೋಟೊ ಆಟಿಕೆಯ ಜಲಾಂತರ್ಗಾಮಿಗೆ ಕತ್ತು, ತಲೆ ಅಂಟಿಸಿ ತೆಗೆದದ್ದೆಂದು ಬಯಲಾಗಲು ಅರವತ್ತು ವರ್ಷ ಬೇಕಾಯಿತು. ಆದರೆ ನನಗೆ ಮೋಸಗಾರರಿಗಿಂತ ಪ್ರಾಮಾಣಿಕರ ಬಾಯಲ್ಲಿ ಬೆಳೆಯುವ ಕಥೆಗಳ ಮೇಲೇ ಹೆಚ್ಚು ಅನುಮಾನ. ಅದಕ್ಕೆ ನಮ್ಮ ಭಾಷೆಯೇ ಒಂದು ಅಳತೆಗೋಲು ಕೊಟ್ಟಿದೆ: 'ಅಂತೆ'. ಕಥೆ ಕೇಳುವಾಗ ಅಂತೆಗಳನ್ನು ಎಣಿಸು. 'ಅವರ ಭಾವನ ಗೆಳೆಯ ನೋಡಿದನಂತೆ' ಎಂದರೆ ಸುದ್ದಿ ಆಗಲೇ ಎರಡು ಮೂರು ಬಾಯಿ ದಾಟಿದೆ. ಮುಂದಿನ ಬಾಯಿಗೆ ಹೋಗುವಷ್ಟರಲ್ಲಿ ಅಂತೆ ಉದುರಿ 'ನೋಡಿದ' ಉಳಿಯುತ್ತದೆ. ಯಾರೂ ಸುಳ್ಳು ಹೇಳಲಿಲ್ಲ, ನೋಡು.

ಕಣ್ಣಾರೆ ಕಂಡವರೇ ಸಿಕ್ಕರೆ ಎಷ್ಟು ದೂರದಿಂದ, ಎಷ್ಟು ಹೊತ್ತು, ಯಾವ ಬೆಳಕಿನಲ್ಲಿ ಕಂಡದ್ದು ಎಂದು ಕೇಳು. ಈ ಕಥೆ ಅವರಿಗೆ ಮೊದಲೇ ಗೊತ್ತಿತ್ತಾ ಎಂದೂ ಕೇಳು. ಗೊತ್ತಿದ್ದರೆ ಕಣ್ಣು ಅರ್ಧ ಕೆಲಸ ಮುಗಿಸಿಕೊಂಡೇ ಹೊರಟಿರುತ್ತದೆ. ಹಿಮಮಾನವನಂಥ ಒಂದೇ ಪ್ರಾಣಿ ನೂರಾರು ವರ್ಷ ಬದುಕಿರಲಾರದು. ಅಪ್ಪ, ಅಮ್ಮ, ಮರಿಗಳ ಹಿಂಡೇ ಇರಬೇಕು. ಅವು ಸಾಯಬೇಕು, ಹೆಣ ಸಿಗಬೇಕು. ಇನ್ನು ಒಂದೇ ಹೆಜ್ಜೆಯ ಫೋಟೊ ತೋರಿಸಿದರೆ, ಅದರ ಹಿಂದಿನದು, ಮುಂದಿನದು ಎಲ್ಲಿ ಎಂದು ವಿಚಾರಿಸು.

ಇಂತಿ,
ಅಪ್ಪ